ತಾಮ್ರದ ದೇಗ್ಚಿಗೆ ಕಲಾಯಿ ಏಕೆ ಬೇಕು?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಹತ್ತನೇ ತರಗತಿಯೊಂದಿಗೆ ಲೋಹಗಳ ಪಾಠ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕಳೆದ ವರ್ಷ ಅದನ್ನು ನಮ್ಮ ಅಡುಗೆಮನೆಯಲ್ಲಿ ಮತ್ತೆ ಓದಬೇಕಾಯಿತು.

ನಮ್ಮ ಮನೆಯಲ್ಲಿ ನಾನಿಯ ಕಾಲದ ತಾಮ್ರದ ದೇಗ್ಚಿಯೊಂದಿದೆ. ಅದರ ಒಳಗಿನ ಕಲಾಯಿ ಸವೆದು ಅಲ್ಲಲ್ಲಿ ಕೆಂಪು ಕಾಣುತ್ತಿತ್ತು. ಮುಂದಿನ ಹಬ್ಬಕ್ಕೆ ಹಾಕಿಸೋಣ ಎಂದು ಅಬ್ಬಾ ಹೇಳಿದ್ದರು. ಒಂದು ದಿನ ಹುಣಸೆಹುಳಿ ಹಾಕಿದ ದಾಲ್ಚ ರಾತ್ರಿಯಿಡೀ ಅದರಲ್ಲೇ ಉಳಿಯಿತು. ಬೆಳಿಗ್ಗೆ ಅಂಚಿನಲ್ಲಿ ಹಸಿರು ಕಟ್ಟಿತ್ತು. ಅದನ್ನು ಗಮನಿಸದೆ ತಿಂದ ನನ್ನ ತಮ್ಮ ದಿನವಿಡೀ ವಾಂತಿ ಮಾಡಿಕೊಂಡ. ಡಾಕ್ಟರ್ ಮೊದಲು ಕೇಳಿದ್ದೇ, "ಸಾರು ಯಾವ ಪಾತ್ರೆಯಲ್ಲಿತ್ತು?" ಎಂದು.

ತಾಮ್ರದ ರಚನೆ ಮತ್ತು ಗುಣ

ಲೋಹದೊಳಗೆ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಜೋಡಿಸಿಕೊಂಡಿರುತ್ತವೆ. ಅವುಗಳ ಹೊರಗಿನ ಎಲೆಕ್ಟ್ರಾನ್‌ಗಳು ಒಂದೇ ಪರಮಾಣುವಿಗೆ ಅಂಟಿಕೊಳ್ಳದೆ ಎಲ್ಲೆಡೆ ಓಡಾಡುತ್ತವೆ. ಈ ಎಲೆಕ್ಟ್ರಾನ್‌ಗಳೇ ಶಾಖ ಮತ್ತು ವಿದ್ಯುತ್ತನ್ನು ಸಾಗಿಸುತ್ತವೆ. ಸುತ್ತಿಗೆಯಿಂದ ಬಡಿದಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ. ಆದ್ದರಿಂದ ತಾಮ್ರ ಒಡೆಯದೆ ಪಾತ್ರೆಯ ಆಕಾರ ಪಡೆಯುತ್ತದೆ. ಶಾಖ ಸಾಗಿಸುವುದರಲ್ಲಿ ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ 20 ಪಟ್ಟಿಗೂ ಹೆಚ್ಚು ಉತ್ತಮ. ಮದುವೆಯ ಬಿರಿಯಾನಿ ತಳ ಹಿಡಿಯದೆ ಸಮನಾಗಿ ಬೇಯಲು ಇದೇ ಕಾರಣ.

ಹುಳಿ ಏನು ಮಾಡುತ್ತದೆ?

ಕ್ರಿಯಾಶೀಲತೆಯ ಸರಣಿಯಲ್ಲಿ ತಾಮ್ರ ಹೈಡ್ರೋಜನ್‌ಗಿಂತ ಕೆಳಗಿದೆ. ಹಾಗಾಗಿ ದುರ್ಬಲ ಆಮ್ಲ ಮಾತ್ರವೇ ಅದನ್ನು ಕರಗಿಸಲಾರದು. ಆದರೆ ಗಾಳಿಯ ಆಕ್ಸಿಜನ್ ಸೇರಿದಾಗ ತಾಮ್ರದ ಆಕ್ಸೈಡ್ ಉಂಟಾಗುತ್ತದೆ. ಹುಣಸೆ, ನಿಂಬೆ, ಮೊಸರು, ಟೊಮೆಟೊಗಳ ಆಮ್ಲ ಈ ಆಕ್ಸೈಡನ್ನು ಕರಗಿಸುತ್ತದೆ. ಹಾಗೆ ತಾಮ್ರದ ಲವಣ ಆಹಾರಕ್ಕೆ ಸೇರುತ್ತದೆ. ನಾವು ಕಿಲುಬು ಎನ್ನುವ ಹಸಿರು ಅದೇ. ಅದು ಹೆಚ್ಚಾಗಿ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ.

ಕಲಾಯಿಯ ಕೆಲಸ

ಮನೆಯಲ್ಲಿ ನಾವು ಖಲಯಿ ಎನ್ನುತ್ತೇವೆ, ಕನ್ನಡದಲ್ಲಿ ಕಲಾಯಿ. ಪದ ಒಂದೇ. ಅದು ತವರದ ತೆಳು ಲೇಪನ. ಪಾತ್ರೆಯನ್ನು ಉಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕುತ್ತಾರೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿಯಲ್ಲಿ ಅದು ಒಡೆದು ಆಕ್ಸೈಡನ್ನು ತೆಗೆಯುತ್ತದೆ. ನಂತರ ತವರ ಸವರಿ ಹತ್ತಿಯಿಂದ ಹರಡುತ್ತಾರೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ತಾಮ್ರ ಕರಗಲು 1085 ಡಿಗ್ರಿ ಬೇಕು. ಆದ್ದರಿಂದ ಪಾತ್ರೆಗೆ ಏನೂ ಆಗುವುದಿಲ್ಲ. ತವರ ಆಹಾರದ ಹುಳಿಯೊಂದಿಗೆ ಬಹಳ ನಿಧಾನವಾಗಿ ವರ್ತಿಸುತ್ತದೆ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯ ಆಹಾರ ತಿನ್ನಲು ಯೋಗ್ಯವಲ್ಲ ಎಂದು 2011ರ ಆಹಾರ ಸುರಕ್ಷತಾ ನಿಯಮಗಳೂ ಹೇಳಿದ್ದವು.

ನೆನಪಿಡಿ

1. ಒಳಗೆ ಕೆಂಪು ಕಂಡರೆ ಕಲಾಯಿ ಹಾಕಿಸಿ.
2. ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಒಲೆಯ ಮೇಲೆ ಇಡಬೇಡಿ, ತವರ ಕರಗುತ್ತದೆ. ತಂತಿಬ್ರಷ್‌ನಿಂದ ಉಜ್ಜಬೇಡಿ.
3. ಕಾಲೇಜಿಗೆ ತರುವ ತಾಮ್ರದ ಬಾಟಲಿಯಲ್ಲಿ ನೀರು ಮಾತ್ರ ಇರಲಿ. ನಿಂಬೆ ಶರಬತ್ತು, ಮಜ್ಜಿಗೆ ಬೇಡ.

ತಮ್ಮ ಈಗ ಚೆನ್ನಾಗಿದ್ದಾನೆ. ದೇಗ್ಚಿಯೂ ಬೆಳ್ಳಗೆ ಹೊಳೆಯುತ್ತಿದೆ. ಲೆಕ್ಕಶಾಸ್ತ್ರದಲ್ಲಿ ಇಂಥದ್ದಕ್ಕೆ ದುರಸ್ತಿ ಮತ್ತು ನಿರ್ವಹಣೆ ಖರ್ಚು ಎನ್ನುತ್ತೇವೆ. ನಾವು ಉಳಿಸಿದ ಆ ಸಣ್ಣ ಖರ್ಚಿಗಿಂತ ಔಷಧಿಯ ಬಿಲ್ಲೇ ದೊಡ್ಡದಾಗಿತ್ತು.