ಮಧ್ಯಮ ನಗರಗಳಲ್ಲಿ ಗಣಕ ಶಿಕ್ಷಣ ಮತ್ತು ಉದ್ಯೋಗ

ಗಣಕ ಕ್ಷೇತ್ರದಲ್ಲಿ ಉದ್ಯೋಗ ಬಯಸುವವರು ಮಹಾನಗರಗಳಿಗೆ ವಲಸೆ ಹೋಗಲೇಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ದತ್ತಾಂಶ ಸಂಪರ್ಕವಿರುವ ಯಾವ ಊರಿನಿಂದಲಾದರೂ ತಂತ್ರಾಂಶವನ್ನು ರವಾನಿಸಬಹುದು. ಕೇಂದ್ರ ಸರ್ಕಾರವು 1991ರಲ್ಲಿ ಸ್ಥಾಪಿಸಿದ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆಯು ಮೈಸೂರು, ಹುಬ್ಬಳ್ಳಿ, ನಾಸಿಕ್, ಕೊಯಮತ್ತೂರಿನಂತಹ ನಗರಗಳಲ್ಲಿಯೂ ಕೇಂದ್ರಗಳನ್ನು ತೆರೆದಿರುವುದು ಈ ಕಾರಣದಿಂದಲೇ.

ಶಿಕ್ಷಣದ ಆಯ್ಕೆಯಲ್ಲಿ ಮಾತ್ರ ಎಚ್ಚರ ಅಗತ್ಯ. ಆಕರ್ಷಕ ಜಾಹೀರಾತುಗಳನ್ನು ನಂಬಿ, ಸಾಲ ಮಾಡಿ ಶುಲ್ಕ ತೆತ್ತ ಬಳಿಕ, ದೊರೆತ ಪ್ರಮಾಣಪತ್ರಕ್ಕೆ ಮಾನ್ಯತೆಯಿಲ್ಲವೆಂದು ತಿಳಿದು ಕುಟುಂಬಗಳು ಕಂಗೆಡುವುದುಂಟು. ಇಂತಹ ನಷ್ಟವನ್ನು ತಪ್ಪಿಸುವ ಮಾರ್ಗಗಳಿವೆ. 1990ರಲ್ಲಿ ಡಿಒಇಎಸಿಸಿ ಯೋಜನೆಯಡಿ ಆರಂಭಗೊಂಡ 'ಓ' ಹಂತದ ಪರೀಕ್ಷೆಯನ್ನು ಈಗ ರಾಷ್ಟ್ರೀಯ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಂಸ್ಥೆ ನಡೆಸುತ್ತದೆ. ಇದಕ್ಕೆ ಪದವಿ ಬೇಕಿಲ್ಲ. ತರಬೇತಿ ಕೇಂದ್ರಕ್ಕೆ ಸೇರದೆ ಸ್ವತಃ ಅಭ್ಯಸಿಸಿಯೂ ಪರೀಕ್ಷೆಗೆ ಕುಳಿತುಕೊಳ್ಳಬಹುದು. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ಸ್ವಯಂ' ಅಂತರ್ಜಾಲ ವ್ಯವಸ್ಥೆಯಲ್ಲಿ ಪಾಠಗಳು ಉಚಿತ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವುಂಟು.

ಪ್ರಮಾಣಪತ್ರದೊಂದಿಗೆ, ತಾವೇ ರಚಿಸಿದ ಎರಡು-ಮೂರು ಪ್ರೋಗ್ರಾಂಗಳನ್ನು ತೋರಿಸಬಲ್ಲ ಅಭ್ಯರ್ಥಿಗಳು ಸ್ಥಳೀಯ ಆಸ್ಪತ್ರೆ, ಕಾರ್ಖಾನೆ, ಸಹಕಾರಿ ಬ್ಯಾಂಕುಗಳಲ್ಲಿಯೂ ಕೆಲಸಕ್ಕೆ ಪ್ರಯತ್ನಿಸಬಹುದು. ಅಲ್ಲಿ ದೊರೆಯುವ ಅನುಭವ ಮುಂದಿನ ಉದ್ಯೋಗಕ್ಕೆ ನೆರವಾಗುತ್ತದೆ. ಯಾವುದೇ ತರಬೇತಿಗೆ ಶುಲ್ಕ ತೆರುವ ಮುನ್ನ ಅದರ ಮಾನ್ಯತೆಯನ್ನು ಪರಿಶೀಲಿಸುವುದು ವಿದ್ಯಾರ್ಥಿಗಳ ಹಾಗೂ ಪೋಷಕರ ಮೊದಲ ಕರ್ತವ್ಯವಾಗಿದೆ.