ಒಂದು ಕ್ರೀಡಾಮಂದಿರದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ಗುಡಿಗೆ, ಕೆರೆಗೆ, ಮಠದ ಕಟ್ಟಡಕ್ಕೆ ಬಳಸುವುದು ನಮ್ಮಲ್ಲಿ ರೂಢಿ. ಆಟದ ಮನೆಗೂ ಈ ಮಾತು ಸಲ್ಲುವುದೇ ಎಂದು ಕೇಳುವವರುಂಟು. ಸಲ್ಲುತ್ತದೆಂಬುದಕ್ಕೆ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿರುವ ಬಟ್ಲರ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಮಂದಿರವು ಸಾಕ್ಷಿಯಾಗಿದೆ.

ಈ ಆಟಕ್ಕೂ ಕಟ್ಟಡಕ್ಕೂ ಇರುವ ನಂಟು ಹುಟ್ಟಿನಿಂದಲೇ ಬಂದದ್ದು. 1891ರ ಡಿಸೆಂಬರಿನ ಚಳಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಉಪಾಧ್ಯಾಯರಾದ ಜೇಮ್ಸ್ ನೈಸ್ಮಿತ್ ಅವರು ವ್ಯಾಯಾಮಶಾಲೆಯ ಮೇಲುಪ್ಪರಿಗೆಯ ಕಟಕಟೆಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆಸಿ, 13 ನಿಯಮಗಳನ್ನು ಬರೆದು ಶಿಷ್ಯರನ್ನು ಆಡಿಸಿದರು. ಕಟಕಟೆಯ ಎತ್ತರ 10 ಅಡಿ ಇದ್ದುದರಿಂದ ಬುಟ್ಟಿಯ ಎತ್ತರವೂ 10 ಅಡಿಯಾಯಿತು. 2017ರಲ್ಲಿ ಬೆಂಗಳೂರಿನಲ್ಲಿ ಭಾರತದ ವನಿತೆಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ಪಿನ ‘ಬಿ’ ವಿಭಾಗವನ್ನು ಗೆದ್ದಾಗಲೂ ಬಳೆಯಿದ್ದುದು ಅದೇ ಎತ್ತರದಲ್ಲಿ. ಹಲಗೂರಿನಂಥ ಊರಿನ ಶಾಲಾ ಬಯಲಿನಲ್ಲಿ ಕಂಬ ನೆಡುವವರಿಗೂ ಅದೇ ಅಳತೆ.

ಬಟ್ಲರ್ ಮಂದಿರವು ತೆರೆದದ್ದು 1928ರ ಮಾರ್ಚ್ ತಿಂಗಳಲ್ಲಿ. ಇಟ್ಟಿಗೆಯ ಗೋಡೆ, ಉಕ್ಕಿನ ಮಾಡು, ಎತ್ತರದ ಗಾಜಿನ ಕಿಟಕಿಗಳು. 15,000 ಜನರಿಗೆ ಸ್ಥಳವಿದ್ದ ಈ ಮಂದಿರವು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಆ ದೇಶದಲ್ಲಿ ಈ ಆಟದ ಅತಿ ದೊಡ್ಡ ಮಂದಿರವೆನಿಸಿತ್ತು. ಮೊದಲು ಪೂರ್ವ–ಪಶ್ಚಿಮವಾಗಿದ್ದ ಅಂಗಣವನ್ನು 1933ರಲ್ಲಿ ಉತ್ತರ–ದಕ್ಷಿಣವಾಗಿ ತಿರುಗಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗೆ ಬಿಡಾರವಾಯಿತು. ಅಲ್ಲಿ ದೀರ್ಘಕಾಲ ಆಟ ಕಲಿಸಿದ ಟೋನಿ ಹಿಂಕಲ್ ಅವರ ಹೆಸರನ್ನು 1966ರಲ್ಲಿ ಪಡೆಯಿತು.

ಇಷ್ಟೇ ಆಗಿದ್ದರೆ ಅದೊಂದು ದೊಡ್ಡ ಕಟ್ಟಡ ಮಾತ್ರ. ಕಾಲೇಜಿನ ಆ ಮಂದಿರದಲ್ಲಿ ಇಂಡಿಯಾನಾ ರಾಜ್ಯದ ಪ್ರೌಢಶಾಲೆಗಳ ಅಂತಿಮ ಪಂದ್ಯಗಳೂ ನಡೆಯುತ್ತಿದ್ದುವು; ಸ್ಥಾವರಕ್ಕೆ ಜೀವ ಬಂದದ್ದು ಅಲ್ಲಿ. 1954ರಲ್ಲಿ ಮೈಲನ್ ಎಂಬ ಸಣ್ಣ ಊರಿನ ಶಾಲೆ ಅಂತಿಮ ಪಂದ್ಯಕ್ಕೆ ಬಂದಿತು. ಅದರ ವಿದ್ಯಾರ್ಥಿಗಳು ಒಟ್ಟು 161. ಎದುರಾಳಿಯಾದ ಮನ್ಸಿ ನಗರದ ಶಾಲೆ ಅದರ ಹಲವು ಪಟ್ಟು ದೊಡ್ಡದು. ಕೊನೆಯ ಭಾಗದಲ್ಲಿ ಬಾಬಿ ಪ್ಲಂಪ್ ಎಂಬ ಹುಡುಗನು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ಕೈಯಲ್ಲೇ ಹಿಡಿದು ನಿಂತನು. ಸಾವಿರಾರು ಜನರ ಗದ್ದಲದ ನಡುವೆ ಸುಮ್ಮನೆ ನಿಲ್ಲುವುದೂ ಒಂದು ಸಾಧನೆಯೇ ಸರಿ. ಅಂತಿಮ ಕ್ಷಣಗಳಲ್ಲಿ ಅವನೆಸೆದ ಚೆಂಡು ಬುಟ್ಟಿಗೆ ಬಿದ್ದು, ಮೈಲನ್ 32–30ರಿಂದ ಗೆದ್ದಿತು.

ಮರುವರ್ಷದ ಗೆಲುವು ಇನ್ನೂ ದೊಡ್ಡದು. ಕಪ್ಪು ಜನರ ಮಕ್ಕಳಿಗೆಂದೇ ಬೇರ್ಪಡಿಸಿದ್ದ ಕ್ರಿಸ್ಪಸ್ ಆಟಕ್ಸ್ ಶಾಲೆಯನ್ನು 1942ರವರೆಗೆ ಈ ಪಂದ್ಯಾವಳಿಗೆ ಸೇರಿಸಿಕೊಂಡಿರಲಿಲ್ಲ. 1955ರಲ್ಲಿ ಆಸ್ಕರ್ ರಾಬರ್ಟ್‌ಸನ್ ಅವರಿದ್ದ ಆ ಶಾಲೆಯ ತಂಡವು ಇದೇ ಅಂಗಣದಲ್ಲಿ ಗೆದ್ದು, ಎಲ್ಲರಿಗೂ ತೆರೆದ ರಾಜ್ಯ ಪ್ರಶಸ್ತಿಯನ್ನು ಪಡೆದ ದೇಶದ ಮೊದಲ ಕಪ್ಪು ಜನರ ಶಾಲೆಯಾಯಿತು. ಆದರೂ ವಿಜಯದ ಮೆರವಣಿಗೆಯನ್ನು ನಗರದ ನಡುವೆ ನಿಲ್ಲಗೊಡದೆ ಅವರ ಬಡಾವಣೆಯ ಉದ್ಯಾನಕ್ಕೆ ಸಾಗಿಸಿದರು. ಅಂಗಣವು ಒಪ್ಪಿದ್ದನ್ನು ಊರು ಒಪ್ಪಿರಲಿಲ್ಲ.

ಇಂಥ ಸ್ಮರಣೆಗಳುಳ್ಳ ಮನೆಯನ್ನು ಕೆಡವಿ ಹೊಸದು ಕಟ್ಟುವುದು ಧನಿಕ ದೇಶದಲ್ಲಿ ಕಷ್ಟವಲ್ಲ. 1987ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾದ ಈ ಕಟ್ಟಡವನ್ನು ಉಳಿಸಿಕೊಂಡೇ ಸರಿಪಡಿಸಿದರು. 2014ರಲ್ಲಿ ಮುಗಿದ ಕಾರ್ಯಕ್ಕೆ ತಗಲಿದ್ದು 3 ಕೋಟಿ 60 ಲಕ್ಷ ಡಾಲರು. ಇಟ್ಟಿಗೆ ಗೋಡೆಗಳು ದುರಸ್ತಿಯಾದುವು, ಕಿಟಕಿಗಳನ್ನು ಹೊಸದಾಗಿಸಿದರು. ಹಳೆಯ ಈಜುಕೊಳವಿದ್ದ ಭಾಗದಲ್ಲಿ ವಿದ್ಯಾರ್ಥಿಗಳ ಓದಿಗೆ ಕೊಠಡಿಗಳಾದುವು. ಕಟ್ಟಡ ನವೀಕರಣವೆಂದರೆ ಆಸನಗಳು ಹೆಚ್ಚಬೇಕೆಂದು ದಾನಿಗಳು ಎಣಿಸುವುದು ಸಹಜ. ಇಲ್ಲಿ ಅವು 1989ರಲ್ಲಿ ಸುಮಾರು 11,000ಕ್ಕೂ, 2014ರಲ್ಲಿ ಸುಮಾರು 9,100ಕ್ಕೂ ಇಳಿದುವು. ಕೂಡಲು ಒರಗು ಕುರ್ಚಿಗಳು ಬಂದುವು, ಎಣಿಕೆಯ ಹೆಮ್ಮೆ ಹೋಯಿತು. ಈ ನಷ್ಟವನ್ನು ದಾನಿಗಳು ಒಪ್ಪಿದ್ದೇ ಆ ಕಾರ್ಯದ ಹೆಚ್ಚುಗಾರಿಕೆ. ಮೈಲನ್ನಿನ ಹುಡುಗನು ಚೆಂಡು ಹಿಡಿದು ನಿಂತ ಅಂಗಣವು 1933ರಲ್ಲಿ ತಿರುಗಿಸಿದ ದಿಕ್ಕಿನಲ್ಲೇ ಇದೆ. ಎತ್ತರದ ಕಿಟಕಿಗಳಿಂದ ಹಗಲಿನ ಬೆಳಕು ಇಂದಿಗೂ ಅದರ ಮೇಲೆ ಬೀಳುತ್ತದೆ.