ಬೇಡಿಕೆಯಿಂದ ಕಾಮಗಾರಿಯವರೆಗೆ: ಜಾಡು ತಪ್ಪದ ದಾಖಲೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



“ಹೋದ ವರ್ಷ ನಾವು ಕೇಳಿದ್ದು ಏನಾಯಿತು?” ಗ್ರಾಮ ಸಭೆಗಳಲ್ಲಿ ಸದಸ್ಯರು ಎದುರಿಸುವ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದುದು ಇನ್ನೊಂದಿಲ್ಲ. ನಡವಳಿ ಪುಸ್ತಕದಲ್ಲಿ ಬೇಡಿಕೆ ಇರುತ್ತದೆ, ಗಣಕಯಂತ್ರದಲ್ಲಿ ಕಾಮಗಾರಿಯ ವಿವರವೂ ಇರುತ್ತದೆ. ಆ ಬೇಡಿಕೆಯೇ ಈ ಕಾಮಗಾರಿಯಾಯಿತೇ ಎಂಬುದನ್ನು ತೋರಿಸುವ ಕೊಂಡಿ ಮಾತ್ರ ಇರುವುದಿಲ್ಲ. ಆ ಕೊಂಡಿಯನ್ನು ಎಲ್ಲರೂ ಸೇರಿ ಕಟ್ಟಿ ಕಾಪಾಡುವ ಬಗೆಯೇ ಈ ಪಾಠದ ವಿಷಯ.

1. ಕಾನೂನಿನ ಹಿನ್ನೆಲೆ

ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯದ ಯೋಜನೆಗಳನ್ನು ಪಂಚಾಯಿತಿಗಳೇ ತಯಾರಿಸಬೇಕೆಂಬುದು ಸಂವಿಧಾನದ 243ಜಿ ಅನುಚ್ಛೇದದ ಆಶಯ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ಪ್ರಸ್ತಾವಗಳನ್ನು ರೂಪಿಸಿ ಆದ್ಯತೆ ನಿಗದಿಪಡಿಸುವ ಕಾರ್ಯ ವಾರ್ಡ್ ಸಭೆಯಿಂದ ಆರಂಭವಾಗುತ್ತದೆ. 2018ರ ಅಕ್ಟೋಬರ್ 2ರಂದು ದೇಶಾದ್ಯಂತ ಆರಂಭಗೊಂಡ ಜನಯೋಜನೆ ಅಭಿಯಾನವು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು, ಅಂದರೆ ಜಿಪಿಡಿಪಿಯನ್ನು, ಜನರ ಸಹಭಾಗಿತ್ವದಲ್ಲಿ ಸಿದ್ಧಪಡಿಸುವ ಕ್ರಮಕ್ಕೆ ಒತ್ತು ನೀಡಿತು. ಆದ್ದರಿಂದ ಬೇಡಿಕೆಯ ಒಡೆತನ ಜನರದು. ಅದನ್ನು ಕೊನೆಯವರೆಗೂ ಹಿಂಬಾಲಿಸುವ ಹೊಣೆ ಸದಸ್ಯರದು.

2. ಜಾಡು ತಪ್ಪುವುದೆಲ್ಲಿ?

ಗೋಣಿಬೀಡು ಹೋಬಳಿಯ ಭೂಸ್ವರೂಪಕ್ಕೆ ಹೊಂದುವ ಒಂದು ಕಲ್ಪಿತ ಉದಾಹರಣೆಯನ್ನು ಪರಿಶೀಲಿಸೋಣ. ಕಾಫಿ ತೋಟದ ಲೈನ್ ಮನೆಗಳ ಮಕ್ಕಳು ಶಾಲೆಗೆ ಹೋಗಲು ಹಳ್ಳವೊಂದನ್ನು ದಾಟಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ತುಂಬಿ ಹರಿಯುತ್ತದೆ. ವಾರ್ಡ್ ಸಭೆಯಲ್ಲಿ ತಾಯಂದಿರು, “ಮಳೆಗಾಲದಲ್ಲಿ ಮಕ್ಕಳು ಅಪಾಯವಿಲ್ಲದೆ ಹಳ್ಳ ದಾಟುವಂತಾಗಬೇಕು” ಎಂದು ಕೇಳುತ್ತಾರೆ.

ನಡವಳಿಯಲ್ಲಿ ಇದು “ಕಾಲುಸಂಕ ಬೇಕು” ಎಂದಾಗುತ್ತದೆ. ಗ್ರಾಮ ಸಭೆಯ ಪಟ್ಟಿಯಲ್ಲಿ “ಸಂಪರ್ಕ ರಸ್ತೆ ಮತ್ತು ಮೋರಿ” ಎಂದಾಗುತ್ತದೆ. ಕ್ರಿಯಾ ಯೋಜನೆಯಲ್ಲಿ “ರಸ್ತೆ ಅಭಿವೃದ್ಧಿ” ಎಂದು ಉಳಿಯುತ್ತದೆ. ಕೊನೆಗೆ ಹಳ್ಳದ ಈಚೆ ಬದಿಯಲ್ಲಿ ರಸ್ತೆಗೆ ಕಾಂಕ್ರೀಟ್ ಬೀಳುತ್ತದೆ. ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಎಲ್ಲವೂ ಸರಿಯಾಗಿವೆ, ಕಾಮಗಾರಿ “ಪೂರ್ಣ”. ಮುಂದಿನ ಜೂನ್‌ನಲ್ಲಿ ಮಕ್ಕಳು ಅದೇ ಹಳ್ಳದಲ್ಲಿ ಇಳಿಯುತ್ತಾರೆ.

ಇಲ್ಲಿ ಯಾರೂ ಹಣ ತಿಂದಿಲ್ಲ, ಯಾವ ನಿಯಮವೂ ಮುರಿದಿಲ್ಲ. ಪ್ರತಿ ಹಂತದಲ್ಲಿ ಮಾತು ಸ್ವಲ್ಪ ಬದಲಾಯಿತು, ಬೇಡಿಕೆಯ ಕಾರಣವು ಕಡತದಿಂದ ಬಿಟ್ಟುಹೋಯಿತು. ಮಾತು ಬದಲಾಗಲು ಅನುದಾನದ ಷರತ್ತೂ ಕಾರಣವಾಗಬಹುದು. ಉದಾಹರಣೆಗೆ, 2021-26ರ ಅವಧಿಗೆ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ಕಾಲುಸಂಕದಂಥ ಕೆಲಸಕ್ಕೆ ಉಳಿದ ಶೇ. 40ರಲ್ಲೇ ಜಾಗ ಹುಡುಕಬೇಕಿತ್ತು. ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆಯೋ ಅದಕ್ಕೆ ತಕ್ಕಂತೆ ಬೇಡಿಕೆಯ ಹೆಸರನ್ನು ತಿದ್ದುವ ಅಭ್ಯಾಸ ಇಂಥ ಕಡೆಯೇ ಹುಟ್ಟುತ್ತದೆ.

3. ತಂತ್ರಾಂಶಗಳ ಶಕ್ತಿ ಮತ್ತು ಮಿತಿ

2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಇ-ಗ್ರಾಮಸ್ವರಾಜ್ ತಂತ್ರಾಂಶ ಲೋಕಾರ್ಪಣೆಯಾಯಿತು. ಯೋಜನೆ, ಪ್ರಗತಿ ಮತ್ತು ಲೆಕ್ಕಪತ್ರಗಳು ಅದರಲ್ಲಿ ಒಂದೆಡೆ ದೊರೆಯುತ್ತವೆ. ಎಂ-ಆಕ್ಷನ್‌ಸಾಫ್ಟ್ ಮೂಲಕ ಕಾಮಗಾರಿಯ ಆರಂಭದ ಮುನ್ನ, ನಡುವೆ ಹಾಗೂ ಮುಗಿದ ಮೇಲೆ ಸ್ಥಳದ ಗುರುತಿನೊಡನೆ ಛಾಯಾಚಿತ್ರ ಸೇರಿಸಲಾಗುತ್ತದೆ. ನಮ್ಮ ರಾಜ್ಯದ ಪಂಚತಂತ್ರ ಮತ್ತು ಗಾಂಧಿ ಸಾಕ್ಷಿ ಕಾಯಕ ತಂತ್ರಾಂಶಗಳೂ ನಮಗೆ ಪರಿಚಿತವೇ.

ಆದರೆ ಕಾಮಗಾರಿಗೆ ಗುರುತಿನ ಸಂಖ್ಯೆ ಹುಟ್ಟುವುದು ಅದು ಯೋಜನೆಯೊಳಗೆ ಸೇರಿದ ಮೇಲೆ. ಅದಕ್ಕೂ ಮುಂಚೆ ಸಭೆಯಲ್ಲಿ ಆಡಿದ ಮಾತಿಗೆ ನಾವೇ ಸಂಖ್ಯೆ ಕೊಡದಿದ್ದರೆ ಮತ್ತಾರೂ ಕೊಡುವುದಿಲ್ಲ. ಸಕಾಲ ಸೇವೆಯಲ್ಲಿ ಅರ್ಜಿದಾರರಿಗೆ ಜಿ.ಎಸ್.ಸಿ. ಸಂಖ್ಯೆ ದೊರೆಯುತ್ತದೆ, ಆ ಸಂಖ್ಯೆ ಹಿಡಿದು ಅರ್ಜಿ ಎಲ್ಲಿದೆಯೆಂದು ಯಾರೂ ಕೇಳಬಹುದು. ಒಬ್ಬರ ಅರ್ಜಿಗಿರುವ ಈ ಸೌಲಭ್ಯ ಇಡೀ ಕೇರಿಯ ಬೇಡಿಕೆಗೂ ಇರಬೇಕು. ದೊಡ್ಡ ತಂತ್ರಾಂಶಗಳನ್ನು ರೂಪಿಸುವವರೂ ಇದೇ ಕ್ರಮವನ್ನು ಅನುಸರಿಸುತ್ತಾರೆ: ಪ್ರತಿ ಅವಶ್ಯಕತೆಗೂ ಒಂದು ಸಂಖ್ಯೆ ನೀಡಿ, ವಿನ್ಯಾಸ ಮತ್ತು ಅಂತಿಮ ಪರೀಕ್ಷೆಯವರೆಗೂ ಅದನ್ನು ಹಿಂಬಾಲಿಸುತ್ತಾರೆ.

4. ಬೇಡಿಕೆ ಜಾಡು ವಹಿ

ಇದಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ಗೂಗಲ್ ಶೀಟ್ಸ್‌ನಂಥ, ಹಲವರು ಒಟ್ಟಿಗೆ ನೋಡಬಹುದಾದ ಒಂದು ಹಾಳೆ ಸಾಕು. ಮೇಲಿನ ಉದಾಹರಣೆಯ ನಮೂದು ಹೀಗಿರಬಹುದು:

ಬೇಡಿಕೆ ಸಂಖ್ಯೆ: ವಾ.3/07 (3ನೇ ವಾರ್ಡ್, 7ನೇ ಬೇಡಿಕೆ)
ಜನರ ಮಾತಿನಲ್ಲಿ ಬೇಡಿಕೆ: ಮಳೆಗಾಲದಲ್ಲಿ ಮಕ್ಕಳು ಅಪಾಯವಿಲ್ಲದೆ ಹಳ್ಳ ದಾಟಬೇಕು
ಯಾರಿಗಾಗಿ: ಲೈನ್ ಮನೆಗಳ ಶಾಲಾ ಮಕ್ಕಳು
ಈಡೇರಿತೆಂದು ತಿಳಿಯುವ ಬಗೆ: ಹಳ್ಳ ತುಂಬಿದ ದಿನವೂ ಮಕ್ಕಳು ಶಾಲೆಗೆ ಹಾಜರಾಗಬೇಕು
ನಿರ್ಣಯ: ವಾರ್ಡ್ ಸಭೆ ಮತ್ತು ಗ್ರಾಮ ಸಭೆಯ ನಿರ್ಣಯ ಸಂಖ್ಯೆ, ದಿನಾಂಕ
ಯೋಜನೆ: ಇ-ಗ್ರಾಮಸ್ವರಾಜ್ ಚಟುವಟಿಕೆ ಸಂಖ್ಯೆ
ಈಗಿನ ಸ್ಥಿತಿ ಮತ್ತು ಹೊಣೆ: ಯಾರ ಬಳಿ, ಯಾವ ದಿನಾಂಕದಿಂದ

ಈ ಪೈಕಿ “ಈಡೇರಿತೆಂದು ತಿಳಿಯುವ ಬಗೆ” ಎಂಬ ಅಂಕಣವೇ ವಹಿಯ ಜೀವಾಳ. “ಕುಡಿಯುವ ನೀರು ಕೊಡಿ” ಎಂದಷ್ಟೇ ಬರೆದರೆ ನಲ್ಲಿ ಹಾಕಿದ ದಿನವೇ ಕೆಲಸ ಮುಗಿದಂತೆ ಕಾಣುತ್ತದೆ. ಜಲಜೀವನ್ ಮಿಷನ್ನಿನ ಅಳತೆಯಂತೆ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ಎಂದು ಬರೆದರೆ, ಬೇಸಿಗೆಯ ಏಪ್ರಿಲ್‌ನಲ್ಲಿ ಅಳೆದು ನೋಡಿದ ಮೇಲೆಯೇ ಉತ್ತರ ಸಿಗುತ್ತದೆ.

ಹಾಳೆಯನ್ನು ನಿರ್ವಹಿಸುವ ಕ್ರಮ:

(ಅ) ತಿದ್ದುವ ಅಧಿಕಾರ ಪಂಚಾಯತ್ ಅಭಿವೃದ್ಧಿ ಅಧಿಕಾರಿ ಮತ್ತು ಅವರು ನೇಮಿಸಿದ ಒಬ್ಬ ಸಿಬ್ಬಂದಿಗೆ ಮಾತ್ರ ಇರಲಿ. ಎಲ್ಲ ಸದಸ್ಯರಿಗೆ ನೋಡುವ ಮತ್ತು ಟಿಪ್ಪಣಿ ಹಾಕುವ ಅವಕಾಶವಿರಲಿ.

(ಆ) ಹಳೆಯ ಮಾತನ್ನು ಅಳಿಸದೆ ಬದಲಾವಣೆಯನ್ನು ಪಕ್ಕದ ಅಂಕಣದಲ್ಲಿ ಕಾರಣಸಹಿತ ಬರೆಯಿರಿ. ಯಾರು ಯಾವಾಗ ತಿದ್ದಿದರೆಂಬ ಇತಿಹಾಸ ಹಾಳೆಯಲ್ಲಿಯೇ ಉಳಿಯುತ್ತದೆ.

(ಇ) ಮಳೆಗಾಲದಲ್ಲಿ ವಿದ್ಯುತ್ತೂ ನೆಟ್‌ವರ್ಕೂ ದಿನಗಟ್ಟಲೆ ಕೈಕೊಡುವ ಪ್ರದೇಶ ನಮ್ಮದು. ಪ್ರತಿ ತಿಂಗಳ ಸಾಮಾನ್ಯ ಸಭೆಗೆ ಮುದ್ರಿತ ಪ್ರತಿ ತಂದು, ಒಂದನ್ನು ಸೂಚನಾ ಫಲಕಕ್ಕೆ ಹಾಕಿರಿ.

(ಈ) ಕಾಫಿ ಕೊಯ್ಲಿನ ಡಿಸೆಂಬರ್-ಫೆಬ್ರವರಿ ಅವಧಿಯಲ್ಲಿ ಹಗಲು ಹೊತ್ತು ಸಭೆ ಕರೆದರೆ ತೋಟದ ಕಾರ್ಮಿಕರು ಬರಲಾರರು. ಅವರು ಬರದ ಸಭೆಯಲ್ಲಿ ಅವರ ಬೇಡಿಕೆಗೆ ಸಂಖ್ಯೆಯೂ ಹುಟ್ಟದು. ಸಭೆಯ ದಿನ ಮತ್ತು ವೇಳೆಯನ್ನು ಅದಕ್ಕೆ ತಕ್ಕಂತೆ ಗೊತ್ತುಪಡಿಸಿರಿ.

5. ಎರಡೂ ದಿಕ್ಕಿನಿಂದ ಪರಿಶೀಲನೆ

ಮುಮ್ಮುಖ ಪರಿಶೀಲನೆಯಲ್ಲಿ ಬೇಡಿಕೆಯಿಂದ ಹೊರಡಬೇಕು: ವಾ.3/07 ಈಗ ಎಲ್ಲಿದೆ? ಹಿಮ್ಮುಖ ಪರಿಶೀಲನೆಯಲ್ಲಿ ಕಾಮಗಾರಿಯಿಂದ ಹೊರಡಬೇಕು: ಈ ಕಾಂಕ್ರೀಟ್ ರಸ್ತೆ ಯಾವ ಬೇಡಿಕೆಗೆ ಉತ್ತರ? ಮೊದಲನೆಯದರಿಂದ ಮರೆತ ಬೇಡಿಕೆಗಳು ಸಿಗುತ್ತವೆ. ಎರಡನೆಯದರಿಂದ ಯಾರೂ ಕೇಳದ ಕಾಮಗಾರಿಗಳು ಸಿಗುತ್ತವೆ. ಜಮಾಬಂದಿ ಮತ್ತು ಸಾಮಾಜಿಕ ಪರಿಶೋಧನೆಯ ಸಂದರ್ಭದಲ್ಲಿ ಈ ಎರಡೂ ಪಟ್ಟಿಗಳು ಸಿದ್ಧವಿದ್ದರೆ ಚರ್ಚೆ ಆರೋಪಕ್ಕೆ ಹೊರಳದೆ ದಾಖಲೆಯ ಮೇಲೆ ನಿಲ್ಲುತ್ತದೆ.

6. ಆಗದು ಎನ್ನುವುದಕ್ಕೂ ದಾಖಲೆ ಬೇಕು

ಎಲ್ಲ ಬೇಡಿಕೆಗಳನ್ನು ಈಡೇರಿಸುವುದು ಸಾಧ್ಯವಿಲ್ಲ. ಆದರೆ “ಅನುದಾನವಿಲ್ಲ”, “ಅರಣ್ಯ ಭೂಮಿ”, “ಬೇರೆ ಇಲಾಖೆಯ ವ್ಯಾಪ್ತಿ” ಎಂಬ ಕಾರಣ ಬರೆದಿಟ್ಟರೆ ಮುಂದಿನ ದಾರಿ ತೆರೆಯುತ್ತದೆ. ಪಂಚಾಯಿತಿಯ ಅನುದಾನಕ್ಕೆ ಮೀರಿದ ಕಾಲುಸಂಕವನ್ನು ಲೋಕೋಪಯೋಗಿ ಇಲಾಖೆಗೆ ಪ್ರಸ್ತಾಪಿಸಬಹುದು. ಮಲೆನಾಡಿನಲ್ಲಿ “ಶಾಲಾ ಸಂಪರ್ಕ ಸೇತು” ಹೆಸರಿನಲ್ಲಿ ಇಂಥ ಕಾಲುಸಂಕಗಳು ನಿರ್ಮಾಣವಾಗಿವೆ. ಅರಣ್ಯ ಹಕ್ಕು ಕಾಯ್ದೆ, 2006ರ ಕಲಂ 3(2) ಕುಡಿಯುವ ನೀರಿನ ಕೊಳವೆ ಮಾರ್ಗ, ರಸ್ತೆ, ಶಾಲೆ ಮೊದಲಾದ 13 ಬಗೆಯ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಒದಗಿಸಲು ಅವಕಾಶ ನೀಡಿದೆ; ಅದಕ್ಕೆ ಗ್ರಾಮ ಸಭೆಯ ಶಿಫಾರಸು ಬೇಕು. ಜಾಡು ವಹಿಯಲ್ಲಿ ನಿರ್ಣಯ ಸಂಖ್ಯೆ ಕೈಗೆ ಸಿಗುವಂತಿದ್ದರೆ ಆ ಶಿಫಾರಸಿಗಾಗಿ ಹಳೆಯ ಪುಸ್ತಕಗಳನ್ನು ತಡಕಬೇಕಾಗುವುದಿಲ್ಲ. ಬೇಡಿಕೆಯನ್ನು ಇನ್ನೊಂದು ಇಲಾಖೆಗೆ ಕಳುಹಿಸಿದ ಮಾತ್ರಕ್ಕೆ ವಹಿಯಲ್ಲಿ ಅದನ್ನು ಮುಕ್ತಾಯಗೊಳಿಸಬಾರದು. ಉತ್ತರ ಬರುವವರೆಗೆ ಅದು ನಮ್ಮ ಬಾಕಿಯೇ.

ಒಂದು ಅವಧಿಯ ಸದಸ್ಯರು ಐದು ವರ್ಷಕ್ಕೆ ಬದಲಾಗುತ್ತಾರೆ, ಅಧಿಕಾರಿಗಳು ವರ್ಗವಾಗುತ್ತಾರೆ. ಹಳ್ಳದ ಆಚೆಯ ಮನೆಗಳು ಅಲ್ಲಿಯೇ ಇರುತ್ತವೆ. ಅವರ ಮಾತು ಮುಂದಿನವರ ಕೈಗೂ ಕೆಡದೆ ತಲುಪಲಿ ಎಂಬುದಕ್ಕಾಗಿ ಈ ವಹಿ.

ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

1. ಕಳೆದ ವಾರ್ಡ್ ಸಭೆಯಲ್ಲಿ ನಿಮ್ಮ ವಾರ್ಡಿನಿಂದ ಬಂದ ಬೇಡಿಕೆಗಳೆಷ್ಟು? ಪ್ರತಿಯೊಂದರ ಸ್ಥಿತಿಯನ್ನು ಇಂದು ಹೇಳಬಲ್ಲಿರಾ?
2. ಈ ವರ್ಷ ಪೂರ್ಣಗೊಂಡ ಯಾವುದಾದರೂ ಮೂರು ಕಾಮಗಾರಿಗಳನ್ನು ಆಯ್ದು, ಅವುಗಳ ಮೂಲ ಬೇಡಿಕೆಯನ್ನು ನಡವಳಿಯಲ್ಲಿ ಗುರುತಿಸಿರಿ.
3. ಬಾಕಿಯಿರುವ ಒಂದು ಬೇಡಿಕೆಗೆ “ಈಡೇರಿತೆಂದು ತಿಳಿಯುವ ಬಗೆ”ಯನ್ನು, ಅದನ್ನು ಕೇಳಿದವರೊಡನೆ ಕುಳಿತು, ಒಂದೇ ವಾಕ್ಯದಲ್ಲಿ ಬರೆಯಿರಿ.